ನೆರೆಮನೆಗೆ ಆಪತ್ತು ಬಂದಾಗ ಊರು ಮಾಡಬೇಕಾದ ಕೆಲಸ



ಈ ಪುಟದಲ್ಲಿ ನಾವು ಸಾಮಾನ್ಯವಾಗಿ ಬೀಜೋಪಚಾರ, ಗೊಬ್ಬರದ ಗುಂಡಿ, ದನಗಳ ಮೇವು ಮುಂತಾದ ವಿಷಯಗಳನ್ನು ಕುರಿತು ಪಾಠ ಬರೆಯುತ್ತೇವೆ. ಈ ಸಲದ ಪಾಠವೂ ಬೇಸಾಯಕ್ಕೆ ಸಂಬಂಧಪಟ್ಟದ್ದೇ. ಆದರೆ ಬೇಸಾಯಗಾರನೇ ಆಸ್ಪತ್ರೆಯಲ್ಲಿ ಮಲಗಿದರೆ ಬೇಸಾಯದ ಗತಿ ಏನು ಎಂಬ ಪ್ರಶ್ನೆಯನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ಬೆಳೆಗೆ ಹುಳ ಬಿದ್ದರೆ ಏನು ಮಾಡಬೇಕೆಂದು ನಾವು ಮೊದಲೇ ಕಲಿತಿರುತ್ತೇವೆ. ಬಣವೆಗೆ ಬೆಂಕಿ ಬಿದ್ದರೆ ಕೊಡ ಹಿಡಿದು ಓಡಬೇಕೆಂಬುದು ಮಕ್ಕಳಿಗೂ ಗೊತ್ತು. ಆದರೆ ನೆರೆಮನೆಯ ಯಜಮಾನನಿಗೆ ಹಾವು ಕಚ್ಚಿತು, ಸೊಸೆಗೆ ಹೆರಿಗೆ ಕಷ್ಟವಾಯಿತು, ಮಗ ಬೈಕಿನಿಂದ ಬಿದ್ದ ಎಂಬ ಸುದ್ದಿ ಬಂದರೆ ನಾವು ಏನು ಮಾಡುತ್ತೇವೆ? “ಅಯ್ಯೋ ಪಾಪ” ಎನ್ನುತ್ತೇವೆ. ಆಸ್ಪತ್ರೆಗೆ ಹೋಗಿ ನೋಡಿಬರುತ್ತೇವೆ. ಅಷ್ಟು ಸಾಕೆ? ಸಾಲದು ಎಂಬುದನ್ನು ನಾನು ನನ್ನ ತಪ್ಪಿನಿಂದಲೇ ಕಲಿತೆ. ಆ ತಪ್ಪನ್ನು ಮೊದಲು ಹೇಳಿ, ಆಮೇಲೆ ಪಾಠಕ್ಕೆ ಬರುತ್ತೇನೆ.

ಒಂದು ಊರಿನಲ್ಲಿ ನಡೆದದ್ದು

ನಾನು ತಿರುಗುವ ಹಳ್ಳಿಗಳಲ್ಲಿ ಅದೂ ಒಂದು. ಸುಮಾರು ನೂರಿಪ್ಪತ್ತು ಮನೆ. ರಾಗಿ, ಅವರೆ, ಒಂದಿಷ್ಟು ತೆಂಗು. ಮನೆಗೆ ಒಂದೆರಡು ಸೀಮೆಹಸು. 2024ರ ನವೆಂಬರ್ 28, ಗುರುವಾರ ಸಂಜೆ. ರಾಗಿ ಕುಯ್ಲಿನ ಕಾಲ. ಎರಡು ಎಕರೆ ಹೊಲದ ಒಬ್ಬ ರೈತರು ಹೆಂಡತಿಯೊಡನೆ ಕೊಯ್ದುಹಾಕಿದ್ದ ರಾಗಿಯ ಅರಿಯನ್ನು ಮಗುಚಿ ಹಾಕುತ್ತಿದ್ದರು. ಅರಿಯ ಕೆಳಗೆ ಮಲಗಿದ್ದ ಕೊಳಕುಮಂಡಲ ಹಾವು ಅವರ ಕೈಗೆ ಕಚ್ಚಿತು.

ಸುತ್ತಲಿನವರು ಓಡಿಬಂದರು. ಒಬ್ಬರು ಮಂತ್ರ ಹಾಕಿಸೋಣವೆಂದರು. ಇನ್ನೊಬ್ಬರು ಬೇರು ಅರೆದು ಕೊಡುವವರ ಊರು ಹೇಳಿದರು. ಈ ಮಾತಿನಲ್ಲೇ ಅರ್ಧ ಗಂಟೆ ಹೋಯಿತು. ಕಡೆಗೆ ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಯಾರನ್ನೂ ಕೇಳದೆ 108ಕ್ಕೆ ಫೋನು ಮಾಡಿದಳು. ತಾಲ್ಲೂಕು ಆಸ್ಪತ್ರೆಯಲ್ಲಿ ಪ್ರತಿವಿಷದ ಔಷಧ ಕೊಟ್ಟರು. ಮರುದಿನ ಬೆಳಿಗ್ಗೆ ಮೂತ್ರ ಕಡಿಮೆಯಾಯಿತು. ಮೂತ್ರಪಿಂಡಗಳಿಗೆ ಪೆಟ್ಟು ಬಿದ್ದಿದೆಯೆಂದು ಜಿಲ್ಲಾ ಆಸ್ಪತ್ರೆಗೆ ಕಳುಹಿಸಿದರು. ಹೊಲದಿಂದ ಉಟ್ಟ ಸೀರೆಯಲ್ಲೇ ಗಂಡನ ಜೊತೆ ಹೋದ ಆಕೆ ಅಲ್ಲಿಯೇ ಉಳಿದರು.

ಮನೆಯಲ್ಲಿ ಉಳಿದವರು ಯಾರು? ಎಪ್ಪತ್ತು ದಾಟಿದ ಅಜ್ಜಿ. ಆಕೆಗೆ ಸಕ್ಕರೆ ಕಾಯಿಲೆ. ಏಳನೆಯ ತರಗತಿಯ ಹುಡುಗಿ, ಮೂರನೆಯ ತರಗತಿಯ ಹುಡುಗ. ಕೊಟ್ಟಿಗೆಯಲ್ಲಿ ಕರು ಹಾಕಿ ಎರಡು ತಿಂಗಳಾದ ಹಸು. ಹೊಲದಲ್ಲಿ ಒಂದು ಎಕರೆ ರಾಗಿ ಕೊಯ್ದು ಅರಿಯಲ್ಲಿ ಬಿದ್ದಿತ್ತು. ಇನ್ನೊಂದು ಎಕರೆ ನಿಂತಿತ್ತು.

ಶುಕ್ರವಾರ ಎರಡು ಟೆಂಪೋ ತುಂಬ ಜನ ಜಿಲ್ಲಾ ಆಸ್ಪತ್ರೆಗೆ ಹೋದರು. ನಾನೂ ಒಂದು ಡಜನ್ ಕಿತ್ತಳೆ ಹಣ್ಣು ಹಿಡಿದುಕೊಂಡು ಹೋದೆ. ಮೂತ್ರಪಿಂಡ ಕೆಲಸ ಮಾಡದಿರುವವರಿಗೆ ಕಿತ್ತಳೆ ಕೊಡಬಾರದೆಂದು ನರ್ಸಮ್ಮನವರು ಹೇಳಿ ಹಣ್ಣನ್ನು ನನ್ನ ಕೈಗೇ ವಾಪಸು ಕೊಟ್ಟರು. ಗದ್ದಲವಾದುದರಿಂದ ನಮ್ಮನ್ನೆಲ್ಲ ಹೊರಕ್ಕೆ ಕಳುಹಿಸಿದರು. ಬಂದವರು ಅಳುತ್ತಿದ್ದರು, ಅವರನ್ನು ಸಮಾಧಾನ ಮಾಡುವ ಕೆಲಸವೂ ಆ ಹೆಂಗಸಿನ ಮೇಲೆಯೇ ಬಿತ್ತು. ಹೊರಡುವಾಗ ನಾವೆಲ್ಲರೂ “ಏನಾದರೂ ಬೇಕಾದರೆ ಹೇಳಮ್ಮ” ಎಂದೆವು. ಆಕೆ “ಏನೂ ಬೇಡ ಕಣಣ್ಣ” ಎಂದರು. ನಮ್ಮ ಕರ್ತವ್ಯ ಮುಗಿಯಿತೆಂಬ ನೆಮ್ಮದಿಯಿಂದ ಊರಿಗೆ ಬಂದೆವು.

ಶನಿವಾರ ಬೆಳಿಗ್ಗೆ ಬೇರೆ ಕೆಲಸದ ಮೇಲೆ ನಾನು ಆ ಊರಿಗೆ ಹೋದಾಗ ಹಸು ಕೂಗುವುದು ಬೀದಿಗೆ ಕೇಳಿಸುತ್ತಿತ್ತು. ಕೊಟ್ಟಿಗೆಗೆ ಹೋಗಿ ನೋಡಿದೆ. ಕೆಚ್ಚಲು ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಹುಡುಗಿ ಕೈಲಾದಷ್ಟು ಕರೆದಿದ್ದಳು. ಹಸು ಒದ್ದು ಅವಳ ಮೊಣಕಾಲು ಊದಿಕೊಂಡಿತ್ತು. ಅಜ್ಜಿ ಜಗುಲಿಯ ಮೇಲೆ ಕುಳಿತಿದ್ದರು. ನನ್ನನ್ನು ನೋಡಿ ಹೀಗೆಂದರು:

“ನನ್ ಮಗನ್ನ ನೋಡಾಕೆ ಊರೇ ಹೋಯ್ತು ಕಣಪ್ಪ. ನನ್ ಹಸ ನೋಡಾಕೆ ಒಬ್ರೂ ಬರ್ಲಿಲ್ಲ.”

ಕೃಷಿ ಡಿಪ್ಲೊಮಾ ಓದುವಾಗ ಕೆಚ್ಚಲು ಬಾವಿನ ವಿಷಯವನ್ನು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ಪಡೆದವನು ನಾನು. ಹಾಲು ಕರೆಯುವ ಹಸುವನ್ನು ಎರಡು ಹೊತ್ತು ಬಿಟ್ಟರೆ ಏನಾಗುತ್ತದೆಂದು ನನಗೆ ತಿಳಿದಿತ್ತು. ಶುಕ್ರವಾರವೆಲ್ಲ ಆಸ್ಪತ್ರೆಯ ಹೊರಗೆ ಕಿತ್ತಳೆ ಹಿಡಿದು ನಿಂತಿದ್ದ ನನಗೆ ಆ ಹಸುವಿನ ನೆನಪು ಒಂದು ಸಲವೂ ಬರಲಿಲ್ಲ. ಆಗಲೇ 1962ಕ್ಕೆ ಫೋನು ಮಾಡಿ ಸಂಚಾರಿ ಪಶುವೈದ್ಯರನ್ನು ಕರೆಸಿದೆವು. ಮೂರು ಮೊಲೆ ಉಳಿದವು, ಒಂದು ಹೋಯಿತು. ಆ ಹಸುವಿನ ನಾಲ್ಕನೆಯ ಮೊಲೆಯಲ್ಲಿ ಇಂದಿಗೂ ಹಾಲಿಲ್ಲ.

ಕಟ್ಟೆಯ ಮೇಲೆ ಬರೆದ ಪಟ್ಟಿ

ಅದೇ ಸಂಜೆ ಹದಿನೈದು ಇಪ್ಪತ್ತು ಜನ ಅರಳಿಕಟ್ಟೆಯ ಮೇಲೆ ಸೇರಿದರು. ಫೆಂಗಲ್ ಚಂಡಮಾರುತ ಪುದುಚೇರಿಯ ಕಡೆ ಬರುತ್ತಿದೆ, ನಮ್ಮ ಕಡೆಗೂ ಮಳೆ ಇದೆ ಎಂದು ಹುಡುಗರು ಫೋನಿನಲ್ಲಿ ನೋಡಿ ಹೇಳಿದರು. ಆಸ್ಪತ್ರೆಗೆ ಮತ್ತೆ ಟೆಂಪೋ ಮಾಡುವ ಮಾತು ಬಂತು. ಆಗ ಹಾಲಿನ ಡೈರಿಯ ಕಾರ್ಯದರ್ಶಿಯಾದ ಹೆಂಗಸು ಎದ್ದು ನಿಂತರು.

“ಬೇಕಾದ್ರೆ ಹೇಳು ಅನ್ನೋದ ಬಿಡ್ರಿ. ಅವ್ಳು ಹೇಳಾಕಿಲ್ಲ. ಆ ಮನೇಲಿ ಏನೇನ್ ಕೆಲ್ಸ ಐತೆ ಬರ್ಕೊಳಿ. ಯಾವ್ದು ಯಾರು ಮಾಡ್ತೀರ ಅಂತ ಹೆಸ್ರು ಹೇಳಿ” ಎಂದರು.

ನಾನು ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಭಾಗದಲ್ಲಿ ಬರೆದುಕೊಂಡೆ. ಒಬ್ಬ ಹಿರಿಯರು, “ಇದ್ರಾಗೇನ್ ಹೊಸ್ದು? ನಮ್ ಕಾಲ್ದಾಗೆ ಮುಯ್ಯಾಳು ಅಂತಿದ್ವಿ” ಎಂದರು. ನಿಜ. ಇಂದು ನನ್ನ ಹೊಲಕ್ಕೆ ನೀನು, ನಾಳೆ ನಿನ್ನ ಹೊಲಕ್ಕೆ ನಾನು ಎಂಬುದೇ ಮುಯ್ಯಾಳು. ಕೂಲಿ ಲೆಕ್ಕವೂ ಕಟಾವು ಯಂತ್ರವೂ ಬಂದ ಮೇಲೆ ಅದು ಕಡಿಮೆಯಾಗಿದೆ. ಆದರೆ ಜನ ಮರೆತಿಲ್ಲ.

ಭಾನುವಾರ ಮೋಡ ಕವಿದಿತ್ತು. ಬೆಳಕು ಹರಿಯುವಷ್ಟರಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹೊಲದಲ್ಲಿದ್ದರು. ಕೋಲಿನಿಂದ ಅರಿ ತಟ್ಟಿ ನೋಡಿ, ಸಿವುಡು ಕಟ್ಟಿ, ಹೊತ್ತು ತಂದು, ಮೆದೆ ಒಟ್ಟಿ, ಮೇಲೆ ಟಾರ್ಪಾಲು ಹೊದಿಸಿದರು. ತಗ್ಗಿನ ಒಂದು ಪಟ್ಟೆ ಮಾತ್ರ ಕೈಗೆ ಸಿಗಲಿಲ್ಲ. ರಾತ್ರಿ ಹಿಡಿದ ಮಳೆ ಮರುದಿನವೆಲ್ಲ ಸುರಿಯಿತು. ತಗ್ಗಿನಲ್ಲಿ ಬಿದ್ದಿದ್ದ ಅರಿಯಲ್ಲಿ ತೆನೆ ಮೊಳಕೆ ಒಡೆದು ಹುಲ್ಲು ಕಪ್ಪಾಯಿತು. ಮೆದೆಗೆ ಬಂದದ್ದು ಉಳಿಯಿತು. ಶುಕ್ರವಾರ ಟೆಂಪೋದಲ್ಲಿ ಹೋದವರಲ್ಲಿ ಅರ್ಧ ಜನ ಅಂದೇ ಹೊಲಕ್ಕೆ ಹೋಗಿದ್ದರೆ ಆ ಪಟ್ಟೆಯೂ ಉಳಿಯುತ್ತಿತ್ತು.

ಆ ರೈತರು 19 ದಿನ ಆಸ್ಪತ್ರೆಯಲ್ಲಿದ್ದು, ಹಲವು ಸಲ ಡಯಾಲಿಸಿಸ್ ಆಗಿ, ಗುಣವಾಗಿ ಮನೆಗೆ ಬಂದರು. ಅಷ್ಟರಲ್ಲಿ ನಿಂತ ಬೆಳೆಯೂ ಕೊಯ್ಲಾಗಿತ್ತು.

ಇನ್ನು ಪಾಠಕ್ಕೆ ಬರೋಣ.

ಮೊದಲನೆಯ ಪಾಠ: ಮೊದಲ ಗಂಟೆ

ಆಪತ್ತಿನ ಮೊದಲ ಗಂಟೆ ಮಾತಿಗಲ್ಲ, ಗಾಡಿಗೆ. ಕರ್ನಾಟಕದಲ್ಲಿ 108ರ ಆಂಬುಲೆನ್ಸ್ ಸೇವೆ 2008ರಿಂದ ಇದೆ. ಫೋನು ಮಾಡುವವರು ಊರು, ಹತ್ತಿರದ ದೊಡ್ಡ ಗುರುತು, ಏನಾಗಿದೆ ಎಂಬ ಮೂರನ್ನು ಸ್ಪಷ್ಟವಾಗಿ ಹೇಳಬೇಕು. ಒಬ್ಬರು ಊರ ಬಾಗಿಲಿಗೆ ಹೋಗಿ ಗಾಡಿಗೆ ದಾರಿ ತೋರಲು ನಿಲ್ಲಬೇಕು.

ಹಾವು ಕಚ್ಚಿದಾಗಿನ ಕ್ರಮವನ್ನು ಪ್ರತಿಯೊಬ್ಬ ರೈತನೂ ಬಾಯಿಪಾಠ ಮಾಡಿಕೊಂಡಿರತಕ್ಕದ್ದು. ಕಚ್ಚಿಸಿಕೊಂಡವರನ್ನು ಓಡಾಡಿಸಬಾರದು, ಧೈರ್ಯ ಹೇಳಿ ಮಲಗಿಸಬೇಕು. ಉಂಗುರ, ಬಳೆ, ಕಾಲುಂಗುರಗಳನ್ನು ಊತ ಬರುವ ಮೊದಲೇ ತೆಗೆಯಬೇಕು. ಕಚ್ಚಿದ ಕೈಗೋ ಕಾಲಿಗೋ ಒಂದು ದಬ್ಬೆ ಇಟ್ಟು, ಅದು ಅಲುಗಾಡದಂತೆ ಬಟ್ಟೆಯಿಂದ ಸಡಿಲವಾಗಿ ಕಟ್ಟಬೇಕು. ಹಗ್ಗ ಬಿಗಿಯುವುದು, ಕೊಯ್ಯುವುದು, ಬಾಯಿಂದ ಹೀರುವುದು, ಸೊಪ್ಪಿನ ರಸ ಹಾಕುವುದು, ಇವು ಯಾವುವೂ ಕೂಡದು. ಹಾವನ್ನು ಹುಡುಕುತ್ತ ಹೊತ್ತು ಕಳೆಯಬಾರದು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕು ಹಾವುಗಳ ವಿಷಕ್ಕೂ ಒಂದೇ ಔಷಧವಿದೆ. ಹಾವನ್ನು ಕೊಂದು ತಂದು ತೋರಿಸಬೇಕಾಗಿಲ್ಲ.

ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟುವುದನ್ನು ಕೆಡಿಸುತ್ತದೆ, ಮೂತ್ರಪಿಂಡಗಳನ್ನೂ ಹಾಳುಮಾಡುತ್ತದೆ. ಆಸ್ಪತ್ರೆಯಲ್ಲಿ ಗಾಜಿನ ನಳಿಕೆಯಲ್ಲಿ ಸ್ವಲ್ಪ ರಕ್ತ ಹಾಕಿ 20 ನಿಮಿಷ ಇಟ್ಟು, ಹೆಪ್ಪುಗಟ್ಟಿತೇ ಇಲ್ಲವೇ ಎಂದು ನೋಡುತ್ತಾರೆ. ಆದುದರಿಂದ “ನೋವು ಕಡಿಮೆ ಇದೆ, ಬೆಳಿಗ್ಗೆ ನೋಡೋಣ” ಎನ್ನುವುದು ತಪ್ಪು. ಕರ್ನಾಟಕ ಸರ್ಕಾರವು 2024ರಲ್ಲಿ ಹಾವು ಕಡಿತವನ್ನು, ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು. ವಿಷಯ ಎಷ್ಟು ಗಂಭೀರವೆಂಬುದಕ್ಕೆ ಇದೇ ಸಾಕ್ಷಿ.

ಎರಡನೆಯ ಪಾಠ: ಎಂಟು ಕೆಲಸಗಳು

ರೋಗಿಯನ್ನು ನೋಡಿಕೊಳ್ಳುವುದು ವೈದ್ಯರ ಕೆಲಸ. ರೋಗಿ ಬಿಟ್ಟು ಹೋದುದನ್ನು ನೋಡಿಕೊಳ್ಳುವುದು ಊರಿನ ಕೆಲಸ. ಆ ದಿನ ಕ್ಯಾಲೆಂಡರಿನ ಹಿಂದೆ ಬರೆದ ಪಟ್ಟಿಯನ್ನೇ ಇಲ್ಲಿ ಕೊಡುತ್ತೇನೆ. ಒಂದೊಂದು ಕೆಲಸಕ್ಕೂ ಒಬ್ಬರ ಹೆಸರು, ಅವರು ಬಾರದಿದ್ದರೆ ಇನ್ನೊಬ್ಬರ ಹೆಸರು ಬರೆದಿತ್ತು. “ಎಲ್ಲರೂ ನೋಡಿಕೊಳ್ಳೋಣ” ಎಂದ ಕೆಲಸವನ್ನು ಯಾರೂ ನೋಡಿಕೊಳ್ಳುವುದಿಲ್ಲ.

1. ದನ. ಹೊತ್ತಿಗೆ ಸರಿಯಾಗಿ ಹಾಲು ಕರೆಯುವುದು, ಮೇವು, ನೀರು. ಗುರುತಿಲ್ಲದವರು ಕುಳಿತರೆ ಹಸು ಬೆದರಿ ಸೊರ ಬಿಡುವುದಿಲ್ಲ. ಬೆದರಿದ ಹಸುವಿನ ಮೈಯಲ್ಲಿ ಹಾಲಿಳಿಸುವ ರಸ ಕೆಲಸ ಮಾಡದಿರುವುದೇ ಇದಕ್ಕೆ ಕಾರಣ. ಪಕ್ಕದ ಮನೆಯ ತಾಯಿ ಒಂದು ಉಪಾಯ ಮಾಡಿದರು. ಮನೆಯೊಡತಿಯ ಹಳೆಯ ಸೀರೆಯನ್ನು ಮೈಮೇಲೆ ಹೊದ್ದು, ತಿಂಡಿ ಮುಂದಿಟ್ಟು, ಕರುವನ್ನು ಬಿಟ್ಟು, ಹುಡುಗಿಯನ್ನು ಹಸುವಿನ ಮುಂದೆ ನಿಲ್ಲಿಸಿಕೊಂಡು ಕುಳಿತರು. ಎರಡನೆಯ ದಿನಕ್ಕೆ ಹಸು ಒಗ್ಗಿತು. ಹಾಲನ್ನು ಡೈರಿಗೆ ಆ ಮನೆಯ ಸದಸ್ಯರ ನಂಬರಿಗೇ ಹಾಕಿಸಿದರು. ಬಾವು ಬಂದ ಮೊಲೆಯ ಹಾಲನ್ನೂ, ಚುಚ್ಚುಮದ್ದು ಕೊಟ್ಟ ಮೇಲೆ ವೈದ್ಯರು ಹೇಳಿದಷ್ಟು ದಿನದ ಹಾಲನ್ನೂ ಹಾಕಲಿಲ್ಲ. ಆಮೇಲಿನ ಹಾಲಿನ ಹಣ ಅವರ ಖಾತೆಯಲ್ಲಿ ಸೇರುತ್ತ ಬಂತು.

2. ಹೊಲ. ಯಾವ ಕೆಲಸ ಕಾಯುತ್ತದೆ, ಯಾವುದು ಕಾಯುವುದಿಲ್ಲ ಎಂದು ಮೊದಲು ವಿಂಗಡಿಸಬೇಕು. ನಿಂತ ರಾಗಿ ಕೆಲವು ದಿನ ಕಾಯುತ್ತದೆ. ಮಳೆ ಬರುವಾಗ ನೆಲದ ಮೇಲೆ ಬಿದ್ದಿರುವ ಅರಿ ಕಾಯುವುದಿಲ್ಲ. ಜನ ಕಡಿಮೆಯಿದ್ದರೆ ಕಾಯದಿರುವ ಕೆಲಸಕ್ಕೇ ಎಲ್ಲರೂ ಕೈ ಹಾಕತಕ್ಕದ್ದು.

3. ವೃದ್ಧರು. ಅಜ್ಜಿಗೆ ಹೊತ್ತಿಗೆ ಊಟ, ಹೊತ್ತಿಗೆ ಸಕ್ಕರೆ ಕಾಯಿಲೆಯ ಮಾತ್ರೆ. ಮಾತ್ರೆ ನುಂಗಿ ಊಟ ತಪ್ಪಿದರೆ ಸಕ್ಕರೆ ತೀರ ಇಳಿದು ತಲೆ ತಿರುಗಬಹುದು. ರಾತ್ರಿ ಜೊತೆಗೆ ಮಲಗಲು ಒಬ್ಬರು ಬೇಕು.

ಇಲ್ಲಿ ಒಂದು ಮಾತು ಹೇಳಲೇಬೇಕು. ಊಟ ಕಳಿಸುವವರ ಪಟ್ಟಿ ಮಾಡುವಾಗ ಮೇಲಿನ ಬೀದಿಯ ಹೆಸರುಗಳೇ ಬಂದವು. ಕೆಳಗಿನ ಕೇರಿಯ ಒಬ್ಬ ತಾಯಿ ತಾನೂ ತರುತ್ತೇನೆಂದಾಗ ಕಟ್ಟೆಯ ಮೇಲೆ ಯಾರೂ ಮಾತಾಡಲಿಲ್ಲ. ಅಜ್ಜಿಯನ್ನೇ ಕೇಳಿದರು. “ನನ್ ಹೊಲ್ದಾಗೆ ಸಿವುಡು ಹೊರೋ ಕೈ ಆದೀತು, ಮುದ್ದೆ ತರೋ ಕೈ ಆಗಾಕಿಲ್ವಾ?” ಎಂದು ಅಜ್ಜಿ ಕೇಳಿದರು. ಅಲ್ಲಿಗೆ ಆ ಪ್ರಶ್ನೆ ಮುಗಿಯಿತು. ಬುಧವಾರ ಮತ್ತು ಶನಿವಾರದ ಊಟ ಆ ತಾಯಿಯ ಮನೆಯಿಂದಲೇ ಬಂತು. ನಿಮ್ಮ ಊರಿನಲ್ಲಿ ಈ ಪ್ರಶ್ನೆ ಎದ್ದರೆ ಆ ಅಜ್ಜಿಯನ್ನು ನೆನೆಯಿರಿ.

4. ಮಕ್ಕಳು. ಶಾಲೆ ತಪ್ಪಿಸಬಾರದು. ಮನೆಯ ಭಾರವನ್ನು ದೊಡ್ಡ ಹುಡುಗಿಯ ತಲೆಯ ಮೇಲೆ ಹಾಕುವುದು ನಮ್ಮಲ್ಲಿ ಬಹು ಸುಲಭ, “ಅವಳಿದ್ದಾಳಲ್ಲ” ಎಂದುಬಿಡುತ್ತೇವೆ. ಹನ್ನೆರಡು ವರ್ಷದ ಮಗುವೂ ತಂದೆಗೆ ಏನಾಗುವುದೋ ಎಂದು ಹೆದರಿರುತ್ತದೆ. ಉಪಾಧ್ಯಾಯರಿಗೆ ವಿಷಯ ತಿಳಿಸಬೇಕು. ದಿನಕ್ಕೊಮ್ಮೆ ತಾಯಿಯೊಡನೆ ಫೋನಿನಲ್ಲಿ ಮಾತಾಡಿಸಬೇಕು.

5. ಆಸ್ಪತ್ರೆ. ಹೋಗುವವರು ಒಂದು ಸಲಕ್ಕೆ ಇಬ್ಬರು. ಅವರಲ್ಲಿ ಒಬ್ಬರು ಹೆಂಗಸಾದರೆ ಒಳ್ಳೆಯದು. ಅವರು ಹೋಗುವುದು ನೋಡುವುದಕ್ಕಲ್ಲ. ಜೊತೆಯಲ್ಲಿರುವ ಮನೆಯವರು ಸ್ನಾನ ಮಾಡಿ, ಉಂಡು, ನಾಲ್ಕು ಗಂಟೆ ಮಲಗಲು ಬಿಡುವುದಕ್ಕೆ. ಎರಡು ಸೀರೆ, ಟವೆಲು, ಸೋಪು, ಫೋನಿನ ಚಾರ್ಜರು ಒಯ್ದರೆ ಹಣ್ಣಿಗಿಂತ ಮೇಲು. ತಿನ್ನುವ ವಸ್ತು ಏನೇ ಇರಲಿ, ವೈದ್ಯರನ್ನು ಕೇಳದೆ ರೋಗಿಗೆ ಕೊಡಬಾರದು.

6. ಕಾಗದಪತ್ರ. ರೇಷನ್ ಕಾರ್ಡು, ಆಧಾರ್ ಕಾರ್ಡು, ಆರೋಗ್ಯ ಕಾರ್ಡು ಇವು ಚಿಕಿತ್ಸೆಯಷ್ಟೇ ಅವಶ್ಯಕ. ಆ ಮನೆಯ ರೇಷನ್ ಕಾರ್ಡು ಪೆಟ್ಟಿಗೆಯಲ್ಲಿತ್ತು. ಪೆಟ್ಟಿಗೆಯ ಬೀಗದ ಕೈ ಆಕೆಯ ಸೆರಗಿನ ಗಂಟಿನಲ್ಲಿ ಆಸ್ಪತ್ರೆಯಲ್ಲಿತ್ತು! 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಗೆ ಅವಕಾಶವಿದೆ. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಯೋಜನೆ ಇದೆ; 2003ರಲ್ಲಿ ಆರಂಭವಾಗಿ ನಡುವೆ ನಿಂತಿದ್ದ ಅದು 2022-23ರಲ್ಲಿ ಮತ್ತೆ ಆರಂಭವಾಯಿತು. ಆದರೆ ಯಶಸ್ವಿನಿಗೆ ಮೊದಲೇ ಹೆಸರು ನೋಂದಾಯಿಸಿರಬೇಕು. ಕಾಯಿಲೆ ಬಂದ ಮೇಲೆ ಸೇರಲು ಬರುವುದಿಲ್ಲ.

7. ಹಣ. ಈ ವಿಷಯವನ್ನು ಮುಂದೆ ಬೇರೆಯಾಗಿ ಹೇಳಿದೆ.

8. ಸುದ್ದಿ. ಮನೆಯವರೊಡನೆ ಮಾತಾಡಿ ಊರಿಗೆ ಸುದ್ದಿ ಹೇಳುವವರು ಒಬ್ಬರೇ ಇರಬೇಕು. ಇಲ್ಲದಿದ್ದರೆ ಆಕೆಯ ಫೋನಿಗೆ ದಿನಕ್ಕೆ ನೂರು ಕರೆ ಬರುತ್ತವೆ. ಒಂದೇ ದುಃಖವನ್ನು ನೂರು ಸಲ ಹೇಳಬೇಕಾಗುತ್ತದೆ. ಹುಸಿ ಸುದ್ದಿಯಂತೂ ವಿಷಕ್ಕಿಂತ ಬೇಗ ಹರಡುತ್ತದೆ. ಆ ರೈತರು ತೀರಿಕೊಂಡರೆಂದು ಯಾರೋ ಆಡಿದ ಮಾತು ಶಾಲೆಯಲ್ಲಿದ್ದ ಅವರ ಮಗನ ಕಿವಿಗೆ ಬಿದ್ದು, ಆ ಹುಡುಗ ಒಂದು ಮಧ್ಯಾಹ್ನವೆಲ್ಲ ಅತ್ತಿದ್ದ. ಇದನ್ನು ಮರೆಯಬಾರದು.

ಮೂರನೆಯ ಪಾಠ: ಹಣದ ವಿಷಯ

ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಉಚಿತವಾದರೂ ಓಡಾಟ, ಊಟ, ಹೊರಗಿನ ಸಣ್ಣಪುಟ್ಟ ಖರ್ಚು ತಪ್ಪಿದ್ದಲ್ಲ. ಕೂಲಿಯೂ ನಿಂತಿರುತ್ತದೆ. ಈ ಗಳಿಗೆಯಲ್ಲಿಯೇ ಮನುಷ್ಯ ಹೆಚ್ಚಿನ ಬಡ್ಡಿಗೆ ಕೈ ಒಡ್ಡುವುದು. ಕಾಯಿಲೆ ಒಂದು ತಿಂಗಳಲ್ಲಿ ವಾಸಿಯಾದರೂ ಬಡ್ಡಿ ವರ್ಷಗಟ್ಟಲೆ ವಾಸಿಯಾಗುವುದಿಲ್ಲ.

ಇದಕ್ಕೆ ಮದ್ದು ನಮ್ಮ ನಾಡಿನಲ್ಲಿ ಹಳೆಯದು. 1904ರಲ್ಲಿ ಸಹಕಾರ ಕಾಯಿದೆ ಬಂದ ಮರುವರ್ಷವೇ, ಅಂದರೆ 1905ರಲ್ಲಿ, ಗದಗ ಸೀಮೆಯ ಕಣಗಿನಹಾಳ ಗ್ರಾಮದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳ್ತನದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ಒಬ್ಬೊಬ್ಬರಾಗಿ ಸಾಹುಕಾರರ ಮುಂದೆ ನಿಲ್ಲುವ ಬದಲು ಎಲ್ಲರೂ ಸೇರಿ ಒಂದು ಪೆಟ್ಟಿಗೆ ಮಾಡಿಕೊಳ್ಳುವುದೇ ಅದರ ತಿರುಳು. ಇಂದು ಹಳ್ಳಿಹಳ್ಳಿಗಳಲ್ಲಿ ಸ್ತ್ರೀಶಕ್ತಿ ಸಂಘಗಳು ನಡೆಸುತ್ತಿರುವ ಉಳಿತಾಯವೂ ಅದೇ ದಾರಿಯದು.

ಆ ಊರಿನ ಹೆಂಗಸರ ಸಂಘ ತನ್ನ ಉಳಿತಾಯದಿಂದ ಹತ್ತು ಸಾವಿರ ರೂಪಾಯಿಯನ್ನು ಬಡ್ಡಿಯಿಲ್ಲದೆ ಕೊಟ್ಟಿತು. ಕೊಟ್ಟದ್ದನ್ನು ಪುಸ್ತಕದಲ್ಲಿ ಬರೆದರು. ಇಬ್ಬರು ಸಹಿ ಹಾಕಿದರು. ರಾಗಿ ಮಾರಿದ ಮೇಲೆ ಕಂತಿನಲ್ಲಿ ತೀರಿಸುವುದೆಂದು ಗೊತ್ತುಮಾಡಿದರು. ಬರೆಯುವುದು ಅಪನಂಬಿಕೆಯ ಗುರುತಲ್ಲ. ನಾಳೆ ಯಾರೂ ಇಲ್ಲದ ಮಾತು ಹುಟ್ಟಿಸದಂತೆ ಕೊಟ್ಟವರನ್ನೂ ಪಡೆದವರನ್ನೂ ಕಾಯುವುದು ಆ ಬರಹವೇ. ನಿಮ್ಮ ಸಂಘದಲ್ಲಿಯೂ ಸದಸ್ಯರು ತಿಂಗಳಿಗೆ ಹತ್ತು ಇಪ್ಪತ್ತು ರೂಪಾಯಿ ಬೇರೆಯಾಗಿ ಇಟ್ಟು ‘ಆಪತ್ ನಿಧಿ’ ಮಾಡಬಹುದು. ಯಾವ ಸಂದರ್ಭಕ್ಕೆ, ಎಷ್ಟು, ಯಾರ ಸಹಿಯಿಂದ ಕೊಡುವುದೆಂಬ ನಿಯಮವನ್ನು ಕಷ್ಟ ಬರುವ ಮುಂಚೆಯೇ ಬರೆದಿಡಬೇಕು.

ನಾಲ್ಕನೆಯ ಪಾಠ: ಮುಯ್ಯಿ ತೀರಿಸಲು ದಾರಿ ಕೊಡಿ

ಇದು ನನಗೆ ಆಮೇಲೆ ತಿಳಿದ ಪಾಠ. ಮನೆಗೆ ಬಂದ ಆ ರೈತರಿಗೆ ಮೂರು ತಿಂಗಳು ಭಾರದ ಕೆಲಸ ಮಾಡಕೂಡದೆಂದು ವೈದ್ಯರು ಹೇಳಿದ್ದರು. ಅವರು ಬೀದಿಗೆ ಬರುವುದನ್ನೇ ಬಿಟ್ಟರು. ಒಂದು ದಿನ ಹೋಗಿ ಮಾತಾಡಿಸಿದೆ. “ಯಾರ್ ಮಖ ನೋಡಿದ್ರೂ ಇವ್ರು ನನ್ ಹೊಲ್ದಾಗೆ ದುಡಿದವ್ರು ಅನ್ಸುತ್ತೆ. ತಲೆ ಎತ್ತಾಕಾಗಲ್ಲ” ಎಂದರು.

ಸಹಾಯವೂ ಒಂದು ಭಾರ. ಅದನ್ನು ಇಳಿಸಿಕೊಳ್ಳುವ ದಾರಿ ಇಲ್ಲದಿದ್ದರೆ ಅದು ಮನುಷ್ಯನನ್ನು ಬಾಗಿಸುತ್ತದೆ. ಮುಯ್ಯಾಳಿನ ಪದ್ಧತಿಯಲ್ಲಿದ್ದ ಜಾಣತನ ಇದೇ: ಅಲ್ಲಿ ಕೊಡುವವನು ಮೇಲೂ ಅಲ್ಲ, ಪಡೆಯುವವನು ಕೆಳಗೂ ಅಲ್ಲ, ಇಂದು ನೀನು, ನಾಳೆ ನಾನು. ಡೈರಿಯ ಕಾರ್ಯದರ್ಶಿಗೆ ಈ ವಿಷಯ ಹೇಳಿದೆ. ಅವರು ಮರುದಿನವೇ ಆ ರೈತರನ್ನು ಕರೆಸಿ, ಕುಳಿತು ಮಾಡುವ ಒಂದು ಕೆಲಸ ಕೊಟ್ಟರು. ಊರಿನ ಪ್ರತಿ ಮನೆಯಲ್ಲಿ ಯಾರಿಗೆ ಯಾವ ಕಾಯಿಲೆ, ಯಾರ ಫೋನ್ ನಂಬರ್ ಯಾವುದು, ಯಾವ ಮನೆಗೆ ಆರೋಗ್ಯ ಕಾರ್ಡು ಇಲ್ಲ ಎಂಬುದನ್ನು ಮನೆಯವರ ಒಪ್ಪಿಗೆ ಪಡೆದು ಒಂದು ಪುಸ್ತಕದಲ್ಲಿ ಬರೆಯುವ ಕೆಲಸ. ಎರಡು ತಿಂಗಳಲ್ಲಿ ಅವರು ಮುಗಿಸಿದರು. ಆಮೇಲೆ ಒಂದು ರಾತ್ರಿ ಆ ಊರಿನಲ್ಲಿ ಹೆರಿಗೆ ಕಷ್ಟವಾದಾಗ 108ಕ್ಕೆ ಮೊದಲು ಫೋನು ಮಾಡಿದವರು ಅವರೇ. ಈಗ ಅವರು ಕಟ್ಟೆಯ ಮೇಲೆ ಎಲ್ಲರ ಹಾಗೆ ಕುಳಿತುಕೊಳ್ಳುತ್ತಾರೆ.

ಮಾಡಬಾರದ ನಾಲ್ಕು ಸಂಗತಿಗಳು

ರೋಗಿಯ ಚಿತ್ರ ತೆಗೆದು ಹಂಚಬಾರದು. “ನಮ್ಮ ಕಡೆ ಹೀಗೇ ಕಚ್ಚಿಸಿಕೊಂಡವನು ಉಳಿಯಲಿಲ್ಲ” ಎಂಬ ಕಥೆಗಳನ್ನು ಮನೆಯವರ ಮುಂದೆ ಹೇಳಬಾರದು. ಮಾಡಿದ ಸಹಾಯವನ್ನು ಮುಂದೆ ಜಗಳದಲ್ಲಿಯೋ ಚುನಾವಣೆಯಲ್ಲಿಯೋ ಎತ್ತಿ ಆಡಬಾರದು. ಮೊದಲ ವಾರ ಎಲ್ಲರೂ ಬಂದು ಮೂರನೆಯ ವಾರ ಯಾರೂ ಇಲ್ಲವೆಂದಾಗಬಾರದು. ಕಷ್ಟ ಎಷ್ಟು ದಿನವೋ ಪಟ್ಟಿಯೂ ಅಷ್ಟು ದಿನ ಇರಬೇಕು.

ಈ ತಿಂಗಳಲ್ಲಿಯೇ ಮಾಡಿರಿ

ನಿಮ್ಮ ಮನೆಯ ಒಂದು ಹಾಳೆಯನ್ನು ಬರೆದು ಬಾಗಿಲ ಹಿಂದೆ ಅಂಟಿಸಿರಿ. ಅದರಲ್ಲಿ ಇರಬೇಕಾದವು ಇಷ್ಟೆ: 108, 112 ಮತ್ತು 1962 ಎಂಬ ನಂಬರುಗಳು, ಪ್ರತಿವಿಷದ ಔಷಧ ದೊರೆಯುವ ಹತ್ತಿರದ ಸರ್ಕಾರಿ ಆಸ್ಪತ್ರೆ, ಮನೆಯವರು ದಿನವೂ ನುಂಗುವ ಮಾತ್ರೆಗಳು, ಕಾಗದಪತ್ರ ಇರುವ ಜಾಗವನ್ನು ಬಲ್ಲ ಒಬ್ಬ ನೆರೆಯವರ ಹೆಸರು, ನೀವಿಲ್ಲದಾಗ ನಿಮ್ಮ ಹಸು ಯಾರ ಕೈಗೆ ಹಾಲು ಕೊಡುತ್ತದೆ ಎಂಬುದು. ಕಡೆಯದನ್ನು ಓದಿ ನಗಬೇಡಿ. ತಿಂಗಳಿಗೆ ಒಂದೆರಡು ಹೊತ್ತು ನೆರೆಮನೆಯವರ ಕೈಯಲ್ಲಿ ಹಾಲು ಕರೆಸಿ ಹಸುವಿಗೆ ಅವರ ಪರಿಚಯ ಮಾಡಿಸಿಡಿ. ಅವರ ಹಸುವಿಗೆ ನಿಮ್ಮ ಪರಿಚಯವೂ ಆಗಲಿ.

ಚರ್ಚೆಗೆ ಪ್ರಶ್ನೆಗಳು

ಯುವಕ ಸಂಘ, ಮಹಿಳಾ ಸಂಘ ಮತ್ತು ಡೈರಿಯ ಸಭೆಗಳಲ್ಲಿ ಈ ಪಾಠವನ್ನು ಒಬ್ಬರು ಓದಿ ಹೇಳಿ, ಕೆಳಗಿನ ಪ್ರಶ್ನೆಗಳನ್ನು ಚರ್ಚಿಸಬೇಕೆಂದು ಕೋರುತ್ತೇನೆ.

1. ಹೋದ ವರ್ಷ ನಮ್ಮ ಊರಿನಲ್ಲಿ ಯಾವ ಮನೆಗೆ ಆಪತ್ತು ಬಂದಿತ್ತು? ಆಗ ಯಾವ ಕೆಲಸ ಕೆಟ್ಟಿತು? ಅದನ್ನು ಉಳಿಸಬಹುದಿತ್ತೆ?

2. ಇಂದು ರಾತ್ರಿ ಒಂದು ಮನೆಯ ಗಂಡಹೆಂಡತಿ ಇಬ್ಬರೂ ಆಸ್ಪತ್ರೆಗೆ ಹೋಗಬೇಕಾದರೆ ಎಂಟು ಕೆಲಸಗಳಿಗೆ ಯಾರ ಯಾರ ಹೆಸರು ಬರೆಯುತ್ತೀರಿ?

3. ಒಬ್ಬಂಟಿಯಾಗಿರುವ ವೃದ್ಧರು, ಹೊಸದಾಗಿ ಬಂದು ನೆಲೆಸಿದ ಕೂಲಿಯವರು, ಯಾರೊಡನೆಯೂ ಬಳಕೆಯಿಲ್ಲದ ಮನೆಯವರು, ಇವರ ಹೆಸರು ನಮ್ಮ ಲೆಕ್ಕದಲ್ಲಿದೆಯೆ?

4. ಆರೋಗ್ಯ ಕಾರ್ಡು ಇಲ್ಲದ ಮನೆಗಳು ಎಷ್ಟು? ಅವನ್ನು ಯಾರು, ಯಾವ ದಿನ ಮಾಡಿಸುತ್ತಾರೆ?

5. ಸಹಾಯ ಪಡೆದವರು ತಲೆ ಎತ್ತಿ ನಡೆಯುವಂತೆ ನಾವು ಯಾವ ಕೆಲಸವನ್ನು ಅವರ ಕೈಗೆ ಕೊಡಬಹುದು?

ನಿಮ್ಮ ಊರಿನ ಪಟ್ಟಿ ಸಿದ್ಧವಾದ ಮೇಲೆ ನನಗೆ ತಿಳಿಸಿರಿ. ನಾನೂ ಬಂದು ನೋಡಿ ಕಲಿಯುತ್ತೇನೆ. ಇನ್ನು ಮುಂದೆ ಯಾವ ಮನೆಯಿಂದ ಕೆಟ್ಟ ಸುದ್ದಿ ಬಂದರೂ, ಬಸ್ಸು ಹತ್ತುವ ಮೊದಲು ಒಂದು ಸಲ ಅವರ ಕೊಟ್ಟಿಗೆಗೆ ಹೋಗಿ ಬನ್ನಿರಿ.